ಲಗ್ ಹೊಳೆಗೆ ತಕ್ಕ ಗಾಳದ ಕೋಲು

ವೇಲ್ಸ್ ದೇಶದ ಗುಡ್ಡಗಳಲ್ಲಿ ಹುಟ್ಟಿ, ಇಂಗ್ಲೆಂಡಿನ ಹೆರಿಫರ್ಡ್‌ಷೈರ್ ಸೀಮೆಯಲ್ಲಿ ಹರಿದು, ಮಾರ್ಡಿಫರ್ಡ್ ಗ್ರಾಮದ ಬಳಿ ವೈ ನದಿಯನ್ನು ಸೇರುವ ಲಗ್ ನಮ್ಮವರ ಕಣ್ಣಿಗೆ ನದಿಯೆನಿಸಲಾರದು. ಮಲೆನಾಡಿನ ಹಳ್ಳವೊಂದರಂತೆಯೇ ತೋರುವುದು. ಅದರ ದಡದ ಪಟ್ಟಣವೊಂದರ ಹೆಸರನ್ನು ಬರೆಯುವಾಗ ಅಕ್ಷರಗಳ ಮೆರವಣಿಗೆಯೇ ಹೊರಡುತ್ತದೆ. ನುಡಿಯುವಾಗ ಮಾತ್ರ 'ಲೆಮ್‌ಸ್ಟರ್' ಎಂದಿಷ್ಟೆ. ಸುತ್ತಲೂ ಸೇಬಿನ ತೋಟಗಳು, ಕುರಿ ಮೇಯುವ ಹುಲ್ಲುಗಾವಲುಗಳು. ಆ ಸೀಮೆಯ ಮಣ್ಣು ಕೆಂಪಾದುದರಿಂದ ದೊಡ್ಡ ಮಳೆಯಾದ ಮರುದಿನ ಹೊಳೆಯೂ ನಮ್ಮ ಆಷಾಢದ ಹೊಸನೀರಿನಂತೆ ಕೆಂಪಡರುವುದು.

ದಡದ ಉದ್ದಕ್ಕೂ ಆಲ್ಡರ್, ವಿಲ್ಲೊ ಮರಗಳು ನೀರಿನತ್ತ ಬಾಗಿವೆ. ಅವುಗಳ ಬೇರುಗಳು ನೀರೊಳಗೆ ಜಡೆಗಟ್ಟಿವೆ. ಮುರಿದ ಕೊಂಬೆಗಳಿಗೆ ಪ್ರವಾಹದ ಕಸಕಡ್ಡಿ ಸಿಕ್ಕಿ ಅಲ್ಲಲ್ಲಿ ಚಪ್ಪರವಾಗಿದೆ. ಆ ಚಪ್ಪರದ ನೆರಳೇ ಚಬ್ ಎಂಬ ಮೀನಿನ ಮನೆ. ಹಿತ್ತಾಳೆಯ ಹೊಳಪಿನ ಮೈ, ಅಗಲವಾದ ಬಿಳಿಯ ಬಾಯಿ. ನಮ್ಮ ಕಾವೇರಿಯ ಮಹಸೀರಿಗೂ ಇದಕ್ಕೂ ದೂರದ ದಾಯಾದಿತನವುಂಟು. ರೊಟ್ಟಿಯ ತುಣುಕು, ಎರೆಹುಳು, ಮರದಿಂದುದುರಿದ ಹಣ್ಣು, ಸಣ್ಣ ಮೀನು, ಯಾವುದನ್ನೂ ಇದು ಬಿಡದು. ಇಷ್ಟು ಹೊಟ್ಟೆಬಾಕತನವಿದ್ದರೂ ಬಲು ಅಂಜುಬುರುಕ. ಹಕ್ಕಿಯ ನೆರಳು ಬಿದ್ದರೂ ಮುಳುಗಿ ಮರೆಯಾಗುವುದೆಂದು 1653ರಲ್ಲಿ ಪ್ರಕಟವಾದ ಗಾಳಗಾರಿಕೆಯ ಗ್ರಂಥದಲ್ಲಿ ಐಜಾಕ್ ವಾಲ್ಟನನು ಬರೆದಿರುವನು.

ಈ ಮೀನಿಗೆ ಮುಳ್ಳು ಬಹಳ, ರುಚಿ ಅಲ್ಪ. ಆದುದರಿಂದ ಹಿಡಿದವರು ಸಾಮಾನ್ಯವಾಗಿ ಅದನ್ನು ಮರಳಿ ನೀರಿಗೇ ಬಿಡುವರು. ತಿನ್ನದ ಮೀನನ್ನು ಹಿಡಿಯುವುದೇಕೆಂದು ನಮ್ಮ ಮನೆಯ ಹಿರಿಯರು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಆದರೆ ಬಿಡುವುದಕ್ಕಾಗಿಯೇ ಹಿಡಿಯುವವನಿಗೆ ಮೀನಿನ ಪ್ರಾಣದ ಹೊಣೆಯೂ ಸೇರಿಯೇ ಬರುವುದಷ್ಟೆ. ಬೆಂಡು ಪ್ರವಾಹದೊಡನೆ ತೇಲುತ್ತ ನೆರಳನ್ನು ಸೇರುತ್ತದೆ, ಥಟ್ಟನೆ ಮುಳುಗುತ್ತದೆ. ಸಿಕ್ಕಿದ ಚಬ್ ಮೊದಲನೆಯ ನೆಗೆತದಲ್ಲೇ ಬೇರುಗಳ ಕಡೆಗೆ ನುಗ್ಗುವುದು. ಆಗ ದಾರ ಹರಿದರೆ ಬಾಯಲ್ಲಿ ಕೊಕ್ಕೆ, ಬೇರಿಗೆ ಸುತ್ತಿದ ತುಂಡುದಾರ. ಕಟ್ಟಿಹಾಕಿದ ಕರುವಿನಂತೆ ನರಳಿ ಸಾಯಬೇಕಾದೀತು. ಕೋಲನ್ನು ಆರಿಸುವಾಗ ಕಣ್ಣಮುಂದಿರಬೇಕಾದ ಚಿತ್ರವಿದು.

ಬೆಂಡಿನ ಗಾಳಕ್ಕೆ ಅಂಗಡಿಯವನು ಸಾಮಾನ್ಯವಾಗಿ ಮುಂದಿಡುವುದು 13 ಅಡಿಯ ಕೋಲು. ಬಯಲು ನದಿಗೆ ಅದು ಸೊಗಸು. ಲಗ್ ಹೊಳೆಯ ಮರಗಳ ಕೆಳಗೆ ಎತ್ತಿದೊಡನೆ ತುದಿ ಕೊಂಬೆಗೆ ತಗಲುವುದು. ಹಾಗೆಂದು 9 ಅಡಿಯದನ್ನು ಹಿಡಿದರೆ ದಾರವನ್ನು ನೀರಿನಿಂದ ಮೇಲಕ್ಕೆತ್ತಿ ಹಿಡಿಯಲಾಗದು. ಹರಿವು ದಾರವನ್ನೆಳೆಯುವುದು, ದಾರ ಬೆಂಡನ್ನು ಎಳೆಯುವುದು, ಅನುಮಾನಪಟ್ಟ ಮೀನು ಎರೆಯನ್ನು ಮುಟ್ಟದು. 11 ಅಡಿಯೇ ಹಿತ, ತೆರವಿದ್ದೆಡೆ 12.

ಉದ್ದಕ್ಕಿಂತಲೂ ಮುಖ್ಯವಾದುದು ಕೋಲಿನ ಬಾಗು. ಅಂಗಡಿಯಲ್ಲೇ ದಾರ ಪೋಣಿಸಿ, ಗೆಳೆಯನ ಕೈಗೆ ಅದರ ತುದಿಯನ್ನು ಕೊಟ್ಟು, ಮೆಲ್ಲನೆ ಎತ್ತಿ ನೋಡುವುದು ಲೇಸು. ತುದಿಯ ಮೂರನೆಯ ಒಂದು ಭಾಗ ಮಾತ್ರ ಬಾಗಿ ಉಳಿದದ್ದು ಒನಕೆಯಂತೆ ನಿಂತರೆ, ಅದು ಸಣ್ಣ ಮೀನಿನ ಕೋಲು. ಮೊದಲು ತುದಿ ಮೆತ್ತಗೆ ಬಾಗಬೇಕು, ಭಾರ ಹೆಚ್ಚಿದಂತೆ ನಡು ಬಾಗಬೇಕು, ಕೊನೆಗೆ ಹಿಡಿಯ ಬಳಿ ಬಲ ಸಿಕ್ಕಬೇಕು. ಆಗ 4ರಿಂದ 6 ಪೌಂಡು ತಡೆಯುವ ದಾರದಿಂದಲೇ, ರಾಟೆಯನ್ನು ಬಿಡದೆ, ಮೀನನ್ನು ಬೇರಿನಿಂದ ತಡೆಯಬಹುದು. ಬಳೆಗಳು ಕೋಲಿನಿಂದ ತುಸು ದೂರ ನಿಂತಿರಲಿ. ಇಲ್ಲವಾದರೆ ಒದ್ದೆಯಾದ ದಾರ ಕೋಲಿಗೆ ಅಂಟಿಕೊಂಡು ಬೆಂಡನ್ನು ತಡೆಯುವುದು. ಪೊದೆಯಲ್ಲಿ ಮೊಣಕಾಲೂರಿ ಕೂರುವವನಿಗೆ ಗಿಡ್ಡ ಹಿಡಿಯೇ ಅನುಕೂಲ.

19ನೆಯ ಶತಮಾನದಲ್ಲಿ ಬಿದಿರು ಸೀಳಿ ಅಂಟಿಸಿದ ಕೋಲುಗಳಿಗೆ ಕಲ್ಕತ್ತೆಯಿಂದ ಹೋದ ನಮ್ಮ ದೇಶದ ಬಿದಿರೂ ಬಳಕೆಯಾಗಿತ್ತು. ಬಳಿಕ ಚೀನದ ಬಿದಿರು ಆ ಸ್ಥಾನವನ್ನು ಪಡೆಯಿತು. 1970ರ ದಶಕದಿಂದ ಇಂಗಾಲದ ಎಳೆಯ ಕೋಲುಗಳು ಬಂದಿವೆ. ಅವು ಹಗುರ, ದಿನವಿಡೀ ಹಿಡಿದರೂ ಕೈ ಸೋಲದು. ಬಿದಿರಿನ ಬಾಗಿನ ಸೊಬಗೇ ಬೇರೆಯೆನ್ನುವವರೂ ಇದ್ದಾರೆ. ಆ ಸೊಬಗಿಗೆ ಭಾರವನ್ನೂ ಹೊರಬೇಕು.

ಮಾರ್ಚಿ 15ರಿಂದ ಜೂನ್ 15ರವರೆಗೆ ಆ ಹೊಳೆಯಲ್ಲಿ ಚಬ್ ಹಿಡಿಯುವುದು ನಿಷಿದ್ಧ. ಉಳಿದ ತಿಂಗಳುಗಳಲ್ಲೂ ಸರ್ಕಾರದ ಪರವಾನಗಿ ಬೇಕು. ಜೂನಿನಲ್ಲಿ ಎಲೆಗಳು ದಟ್ಟವಾಗಿರುವುದರಿಂದ 11 ಅಡಿಯ ಕೋಲನ್ನೂ ಅಡ್ಡವಾಗಿ ಹಿಡಿದೇ ಆಡಿಸಬೇಕಾಗುವುದು. ಎಲೆಯುದುರಿ ಕೊಂಬೆಗಳು ಬರಿದಾದ ಚಳಿಗಾಲದಲ್ಲಿ 12 ಅಡಿಯದಕ್ಕೂ ತಾವು ದೊರೆಯುವುದು. ಒಂದನ್ನೇ ಕೊಳ್ಳಬಲ್ಲವನು 11 ಅಡಿಯದನ್ನು ಕೊಂಡು ಉಳಿದ ಹಣದಲ್ಲಿ ಒಳ್ಳೆಯ ದಾರವನ್ನು ಕೊಳ್ಳಲಿ.