ಡೀಸೆಲ್ ಕುಡಿಯುವ ಗಾಲಿಗಳು

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಈ ವಾಣಿವಿಲಾಸ ಸಾಗರ ಅದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ! ಹಿರಿಯೂರು ಸೀಮೆಯ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಹರಿಯಿತು. ತುಂಬಿದ ನೀರು ಕಂಡಮೇಲೆ ದೋಣಿಯ ಮಾತು ಬಾರದೆ ಇದ್ದೀತೆ? ಮೀನು ಹಿಡಿಯುವವರ ತೆಪ್ಪವಾದರೆ ಬೆನ್ನ ಮೇಲೆ ಹೊತ್ತು ತರಬಹುದು. ದೊಡ್ಡ ದೋಣಿಯಾದರೆ ನೀರಿಗೆ ಇಳಿಯುವ ಮೊದಲು ಗಾಲಿಗಳ ಮೇಲೆ ರಸ್ತೆ ಸವೆಸಲೇಬೇಕು.

ಅಂಥ ಒಂದು ದೋಣಿಯನ್ನು ಚಿತ್ರದುರ್ಗದಿಂದ ಜೀಪಿಗೆ ಕಟ್ಟಿ ಎಳೆದು ತಂದವರು ಹಿರಿಯೂರಿನ ಬಳಿಯ ಒಂದು ಹಳ್ಳಿಯವರು. ದೋಣಿ ಹಗುರ, ದಾರಿ ಇಳಿಜಾರು, ಡೀಸೆಲ್ ಎಷ್ಟು ಮಹಾ ಬೇಕಾದೀತು ಎಂದುಕೊಂಡು ಕಡಿಮೆ ಬಾಡಿಗೆಗೆ ಒಪ್ಪಿದ್ದರು. ಊರಿಗೆ ಬಂದು ಟ್ಯಾಂಕ್ ತುಂಬಿಸಿದಾಗ ಬಾಡಿಗೆಯಲ್ಲಿ ಉಳಿದದ್ದು ಬೀಡಿ-ಚಹಾದ ಕಾಸು.

"ಅಲ್ಲ ಕಣಣ್ಣ, ನಿನ್ನ ಟ್ರ್ಯಾಕ್ಟರು ಈರುಳ್ಳಿ ಹೇರಿಕೊಂಡು ದುರ್ಗದ ಏರು ಹತ್ತುತ್ತೆ. ಅದು ಜಾಸ್ತಿ ಕುಡೀಬೇಕು. ನನ್ನ ಜೀಪು ಖಾಲಿ ಬುಟ್ಟಿಯಂಥ ದೋಣಿ ಎಳೆದು ಇಳಿದದ್ದು. ಅದ್ಯಾಕೆ ಹಿಂಗೆ ಕುಡೀತು?" ಎಂದು ಅವರು ಪಕ್ಕದ ಮನೆಯ ರೈತರ ಜಗಲಿಯ ಮೇಲೆ ಕುಳಿತು ಕೇಳಿದರು. ರೈತರ ಮಗಳು ದ್ವಿತೀಯ ಪಿಯುಸಿ, ವಿಜ್ಞಾನ. ಅವಳ ಹಾಸ್ಟೆಲ್ ಶುಲ್ಕವೂ ಇದೇ ಈರುಳ್ಳಿಯಿಂದಲೇ ಬರಬೇಕು. ಈರುಳ್ಳಿಯ ಧಾರಣೆ ಬಿದ್ದ ವರ್ಷ ಮನೆಗೆ ಉಳಿಯುವುದು ಸಾಗಾಟದಲ್ಲಿ ಮಿಗಿಸಿದ್ದಷ್ಟೇ. ಹಾಗಾಗಿ ಪ್ರಶ್ನೆ ಅವಳಿಗೂ ಸೇರಿದ್ದೇ.

ಮೊದಲು ಏರಿನ ಲೆಕ್ಕ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರ್. ದುರ್ಗ ಇರುವುದು ಹೆಚ್ಚುಕಡಿಮೆ 100 ಮೀಟರ್ ಎತ್ತರದಲ್ಲಿ. ಟ್ರೈಲರು, ಈರುಳ್ಳಿ ಎಲ್ಲ ಸೇರಿ 5 ಟನ್ ಎನ್ನಿ. ಅಷ್ಟನ್ನು 100 ಮೀಟರ್ ಎತ್ತಲು ಸುಮಾರು 50 ಲಕ್ಷ ಜೌಲ್ ಶಕ್ತಿ ಬೇಕು. ಒಂದು ಲೀಟರ್ ಡೀಸೆಲ್‌ನಲ್ಲಿ 3.6 ಕೋಟಿ ಜೌಲ್ ಇದೆಯಾದರೂ ಹೊಗೆ, ಬಿಸಿ, ಗೇರುಗಳ ತಿಕ್ಕಾಟ ಕಳೆದು ಗಾಲಿಗೆ ಮುಟ್ಟುವುದು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಇಡೀ ಏರಿಗೆ ಅರ್ಧ ಲೀಟರ್ ಸಾಕು. ಎಂಜಿನ್ ಗುಡುಗುವುದು ಏರಿನಲ್ಲಿ, ಹೊಗೆ ಕಾಣುವುದು ಏರಿನಲ್ಲಿ. ಅದಕ್ಕೇ ಬೈಗುಳವೆಲ್ಲ ಏರಿಗೆ!

ಇನ್ನು ಗಾಲಿ. ಗಾಳಿ ತುಂಬಿದ ಟೈರು ಉರುಳುವಾಗ ನೆಲಕ್ಕೆ ಒತ್ತಿದ ಭಾಗ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಹೀಗೆ ಬಗ್ಗಿ ಏಳುವಾಗಲೆಲ್ಲ ಒಂದಿಷ್ಟು ಶಕ್ತಿ ಬಿಸಿಯಾಗಿ ಸೋರುತ್ತದೆ. ಟೈರು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಒಳ್ಳೆಯ ಡಾಂಬರು ರಸ್ತೆಯಲ್ಲೂ ಈ ಎಳೆತ ಭಾರದ ನೂರಕ್ಕೆ ಒಂದೂವರೆ ಪಾಲು ಎಂದಿಟ್ಟುಕೊಂಡರೆ, 40 ಕಿಲೋಮೀಟರಿಗೆ ಎರಡೂಮುಕ್ಕಾಲು ಲೀಟರಿನಷ್ಟು ಹೋಯಿತು. ಏರು ಕುಡಿದದ್ದರ ಸುಮಾರು ಆರು ಪಟ್ಟು! ಟೈರಿನಲ್ಲಿ ಗಾಳಿ ಇಳಿದು ಈ ಎಳೆತ ಐದನೆಯ ಒಂದು ಪಾಲು ಹೆಚ್ಚಿದರೆ ಸಾಕು, ಇನ್ನೊಂದು ಏರು ಹತ್ತಿದಷ್ಟು ಡೀಸೆಲ್ ದಂಡ. ಉಳುಮೆಯಲ್ಲಿ ಹಿಡಿತಕ್ಕೆಂದು ಟ್ರ್ಯಾಕ್ಟರಿನ ದೊಡ್ಡ ಟೈರಿನ ಗಾಳಿ ಇಳಿಸಿ, ರಸ್ತೆಗೆ ಬಂದಾಗ ತುಂಬಿಸಲು ಮರೆಯುವವರೇ ಹೆಚ್ಚು. ಟ್ರೈಲರಿನ ಟೈರನ್ನಂತೂ ಪಂಕ್ಚರ್ ಆಗುವವರೆಗೆ ಯಾರೂ ನೋಡುವುದಿಲ್ಲ.

"ಹಂಗಾದ್ರೆ ನನ್ನ ಜೀಪಿನ ಕಥೆ ಏನವ್ವ?"

"ಎಷ್ಟು ಸ್ಪೀಡಲ್ಲಿ ಬಂದ್ರಿ ಮಾಮ?"

ಹೆದ್ದಾರಿ ಚೆನ್ನಾಗಿದೆಯಲ್ಲ, ಎಂಬತ್ತು. ಅಲ್ಲಿತ್ತು ಗುಟ್ಟು. ನಿಧಾನವಾಗಿ ಹೋಗುವ ಟ್ರ್ಯಾಕ್ಟರಿಗೆ ಗಾಳಿಯ ತಡೆ ದೊಡ್ಡದಲ್ಲ. ವೇಗ ಹೆಚ್ಚಿದಂತೆ ಅದು ವೇಗದ ವರ್ಗದಷ್ಟು ಬೆಳೆಯುತ್ತದೆ. ಗಂಟೆಗೆ 50 ಇದ್ದದ್ದು 80 ಆದರೆ ತಡೆ ಎರಡೂವರೆ ಪಟ್ಟು. ನೀರನ್ನು ಸೀಳಲೆಂದು ಮಾಡಿದ ದೋಣಿ ಜೀಪಿನ ಹಿಂದೆ ಅಗಲವಾಗಿ, ಎತ್ತರವಾಗಿ ನಿಂತು ಗಾಳಿಗೆ ಮೈಯೊಡ್ಡುತ್ತದೆ. ಮೇಲಿನ ಟಾರ್ಪಾಲು ಪಟಪಟ ಬಡಿದುಕೊಂಡರೆ ಅದೂ ಡೀಸೆಲ್‌ನ ಸದ್ದೇ. ಇಷ್ಟೆಲ್ಲ ಸುರಿದು ಗಳಿಸಿದ್ದೇನು? ಆ 40 ಕಿಲೋಮೀಟರಿನಲ್ಲಿ 18 ನಿಮಿಷ. 1978ರಲ್ಲಿ ಆರಂಭವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ 45ರಿಂದ 55ರ ವೇಗದಲ್ಲಿ ಓಡಿಸಿ ಎಂದು ಸಾರುತ್ತ ಬಂದದ್ದು ಸುಮ್ಮನೆ ಅಲ್ಲ.

ಮುಂಗಾರಿನಲ್ಲಿ ಹೊಳಲ್ಕೆರೆಯ ಕಡೆ ಹೊರಟವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾದೀತು. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಪಡುವಣ ಗಾಳಿ ಎದುರಿನಿಂದಲೇ ನುಗ್ಗುತ್ತದೆ. ಜೀಪು 60ರಲ್ಲಿ ಹೋಗುತ್ತ ಎದುರುಗಾಳಿ 20ರಲ್ಲಿ ಬೀಸಿದರೆ ವಾಹನಕ್ಕೆ ತಾಗುವುದು 80ರ ಗಾಳಿ. ಆಗ ಆಕ್ಸಿಲರೇಟರ್ ಒತ್ತುವುದಕ್ಕಿಂತ ಸ್ವಲ್ಪ ಸಡಿಲಿಸುವುದೇ ಜಾಣತನ. ಹೊಸದುರ್ಗದಿಂದ ತೆಂಗಿನಕಾಯಿ ತರುವ ಏರಿಳಿತದ ದಾರಿಯ ಪಾಠ ಬೇರೆ: ಮುಂದಿನ ತಿರುವು ನೋಡಿಕೊಂಡು ಮೊದಲೇ ವೇಗ ತಗ್ಗಿಸಿದರೆ ಬ್ರೇಕಿನಲ್ಲಿ ಸುಡುವ ಡೀಸೆಲ್ ಉಳಿಯುತ್ತದೆ.

ಮಗಳಿಗೆ ನಿಜವಾಗಿ ಹೇಳಬೇಕಿದ್ದದ್ದು ಮಾತ್ರ ಬೇರೆ. ಅಪ್ಪ ದುರ್ಗದಿಂದ ಇಳಿಯುವಾಗ ಟ್ರ್ಯಾಕ್ಟರನ್ನು ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಡುತ್ತಿದ್ದರು. ಉಳಿತಾಯವೆಂದರೆ ಇದೇ ಎಂದು ಎಷ್ಟೋ ಡ್ರೈವರುಗಳು ನಂಬಿದ್ದಾರೆ.

"ಗೇರಿನಲ್ಲೇ ಇದ್ದು ಕಾಲು ತೆಗೆದ್ರೆ ಪಂಪು ಡೀಸೆಲ್ ಬಿಡೋದನ್ನೇ ನಿಲ್ಲಿಸುತ್ತೆ ಅಪ್ಪ. ಇಳಿಜಾರೇ ಎಂಜಿನ್ ತಿರುಗಿಸುತ್ತೆ. ನ್ಯೂಟ್ರಲ್ ಹಾಕಿದ್ರೆ ಅದು ಆರದೆ ಇರೋಕೆ ಡೀಸೆಲ್ ಕುಡೀಲೇಬೇಕು."

ಅಪ್ಪ ಉತ್ತರಿಸಲಿಲ್ಲ. ಎಷ್ಟೋ ಟ್ರೈಲರುಗಳಿಗೆ ಬ್ರೇಕೇ ಇರುವುದಿಲ್ಲ. ಎಂಜಿನ್ನಿನ ಹಿಡಿತವೂ ತಪ್ಪಿದರೆ ಹಿಂದಿನ ಭಾರ ಮುಂದಿನದನ್ನು ನೂಕಿ, ತಿರುವಿನಲ್ಲಿ ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಅಂಥದ್ದನ್ನು ಅವರೇ ರಸ್ತೆಯ ಪಕ್ಕದಲ್ಲಿ ಕಂಡಿದ್ದರು. ಮರುವಾರ ಇಳಿಜಾರಿನಲ್ಲಿ ಗೇರು ಗೇರಿನಲ್ಲೇ ಇತ್ತು ಎಂಬುದನ್ನು ಜೊತೆಯಲ್ಲಿ ಹೋಗಿದ್ದ ಕೂಲಿಯಾಳು ಮನೆಯಲ್ಲಿ ಹೇಳಿದ.

ಜೀಪಿನವರು ಅಷ್ಟು ಸುಲಭಕ್ಕೆ ಸೋಲುವವರಲ್ಲ. ಬಂಕಿನ ಡೀಸೆಲ್ಲೇ ಸರಿಯಿರಲಿಲ್ಲ ಎಂದು ಗೊಣಗಿದರು. ಆದರೂ ದೋಣಿಯನ್ನು ದುರ್ಗಕ್ಕೆ ಹಿಂದಿರುಗಿಸುವ ದಿನ ಗಾಳಿ ಏಳುವ ಮುಂಚೆ, ಬೆಳಗಿನ ಐದು ಗಂಟೆಗೇ ಹೊರಟರು. ಹೊರಡುವ ಮೊದಲು ಟ್ರೈಲರಿನ ಟೈರುಗಳನ್ನು ಒದ್ದು ನೋಡಿ, ದೋಣಿಯ ತಳದ ಬಿರಡೆ ಕಿತ್ತರು. ಒಳಗೆ ನಿಂತಿದ್ದ ಮಾರಿಕಣಿವೆಯ ನೀರು ಐದಾರು ಕೊಡದಷ್ಟು ಹೊರಗೆ ಹರಿಯಿತು.