ಒಂದೇ ಅಚ್ಚಿನ ಎರಡು ಕೋವಿ

ಮಂಡ್ಯದ ಸೀಮೆಯಲ್ಲಿ ಬೆಲ್ಲದ ವ್ಯಾಪಾರ ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಬ್ಬು ಒಂದೇ, ಅಚ್ಚೂ ಒಂದೇ. ಆದರೂ ಎರಡು ಆಲೆಮನೆಗಳ ಬೆಲ್ಲವನ್ನು ಪಕ್ಕಪಕ್ಕದಲ್ಲಿಟ್ಟರೆ ಬಣ್ಣ ಬೇರೆ, ಗಟ್ಟಿತನ ಬೇರೆ. ಪಾಕ ಇಳಿಸಿದ ಕೈ ಯಾವುದೆಂಬುದನ್ನು ಅನುಭವಸ್ಥರ ಕಣ್ಣು ಹೇಳಿಬಿಡುತ್ತದೆ. ಬೆಲ್ಲಕ್ಕೆ ಸಲ್ಲುವ ಈ ಮಾತು ಕೋವಿಗೂ ಸಲ್ಲುತ್ತದೆಂಬುದು ಒಂದು ಭಾನುವಾರ ಮದ್ದೂರಿನ ಒಂದು ಮನೆಯ ನಡುಮನೆಯಲ್ಲಿ ತಿಳಿದುಬಂದಿತು.

ಆ ದಿನ ಮಗಳ ಮನೆಗೆ ಬಂದಿದ್ದ ಹಿರಿಯರು ಎಂಬತ್ತು ದಾಟಿದ ಮಾಜಿ ಸೈನಿಕರು. ಹುಟ್ಟಿದೂರು ಮಳವಳ್ಳಿಯ ಬಳಿ. ಈಗ ಇರುವುದು ವಕೀಲನಾದ ಮಗನೊಂದಿಗೆ ಮಂಡ್ಯದಲ್ಲಿ. ಮೊಮ್ಮಗ ಮಂಡ್ಯದಲ್ಲಿಯೇ ಇಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ, ಅಲ್ಲಿನ ಪ್ರಜೆಯೇ ಆಗಿಬಿಟ್ಟಿದ್ದಾನೆ. ಭಾನುವಾರಕ್ಕೊಮ್ಮೆ ಫೋನಿನ ಪರದೆಯ ಮೇಲೆ ಅವನ ಮುಖ ಕಾಣಿಸಿಕೊಳ್ಳುವುದು ವಾಡಿಕೆ. ಆ ದಿನ ಮುಖದ ಜೊತೆಗೆ ಎರಡು ಕೋವಿಗಳೂ ಕಾಣಿಸಿಕೊಂಡವು.

"ತಾತ, ನಿಮಗೆ ತೋರಿಸೋಣಾಂತಲೇ ಹೊರಗೆ ತೆಗೆದಿದ್ದೀನಿ. ಎರಡೂ ಸೈನ್ಯದವರು ಬೇಡವೆಂದು ಮಾರಿದ ಹಳೆಯ ಮಾಲು. ಒಂದು ರಷ್ಯದ್ದು, ಒಂದು ಚೀನಾದ್ದು. ಯಾವುದು ಮೇಲು, ನೀವೇ ಹೇಳಿ" ಎಂದ ಮೊಮ್ಮಗ.

"ಅಯ್ಯೋ, ಮನೆಯೊಳಗೆ ಕೋವಿ ಇಟ್ಟುಕೊಂಡಿದ್ದೀಯಾ!" ಎಂದು ಅವನ ಸೋದರತ್ತೆ ಅಡಿಗೆಮನೆಯಿಂದಲೇ ಕೂಗಿಕೊಂಡರು. ಅವರ ಗಾಬರಿ ಸಹಜವೇ. ಈ ಕಡೆ ಕೋವಿಯೆಂದರೆ ಹಂದಿಯ ಕಾಟಕ್ಕೆ ರೈತನು ಲೈಸೆನ್ಸು ಪಡೆದು ಇಟ್ಟುಕೊಳ್ಳುವ ಒಂದು ನಳಿಕೆಯ ಬಂದೂಕು. ಚುನಾವಣೆ ಬಂದಿತೆಂದರೆ ಅದೂ ಪೋಲೀಸು ಠಾಣೆಗೆ ಹೋಗಿ ಕುಳಿತುಬಿಡುತ್ತದೆ.

ಮೊಮ್ಮಗ ತೋರಿಸಿದ ಕೋವಿಯ ಹೆಸರು ಎಸ್.ಕೆ.ಎಸ್. ಸೆರ್ಗೈ ಸಿಮೊನೊವ್ ಎಂಬ ರಷ್ಯದ ಶಿಲ್ಪಿ ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ರೂಪಿಸಿದ್ದು. 1949ರಲ್ಲಿ ಸೋವಿಯತ್ ಸೈನ್ಯ ಅದನ್ನು ಅಂಗೀಕರಿಸಿತು. ತೂಕ ಸುಮಾರು 4 ಕಿಲೋ, ಉದ್ದ 1 ಮೀಟರಿಗೆ ಸ್ವಲ್ಪ ಹೆಚ್ಚು. ಪಟ್ಟಿಗೆ ಸಿಕ್ಕಿಸಿದ 10 ತೋಟಾಗಳನ್ನು ಮೇಲಿನಿಂದ ಒತ್ತಿದರೆ ಹೊಟ್ಟೆಯೊಳಕ್ಕೆ ಇಳಿಯುತ್ತವೆ. ಒಂದು ಗುಂಡು ಹಾರಿದೊಡನೆ ಅದರ ಅನಿಲದ ಒತ್ತಡವೇ ಖಾಲಿ ತೋಟಾವನ್ನು ಹೊರಕ್ಕೆ ಎಸೆದು ಮುಂದಿನದನ್ನು ಒಳಕ್ಕೆ ತಳ್ಳುತ್ತದೆ. ಹಾರಿಸುವವನು ಬೆರಳನ್ನು ಮತ್ತೆ ಮತ್ತೆ ಒತ್ತಿದರಾಯಿತು.

ರಷ್ಯದಲ್ಲಿ ಇದು ತಯಾರಾದದ್ದು ತೂಲಾ ಮತ್ತು ಇಝೆವ್‌ಸ್ಕ್ ನಗರಗಳಲ್ಲಿ. ತೂಲಾ ಎಂದರೆ ಚಹಾದ ಸಮೋವಾರಿಗೂ ಹೆಸರಾದ ಊರು. ಆದರೆ ಕಲಾಶ್ನಿಕೋವನ ಕೋವಿ ಮುಂದಕ್ಕೆ ಬಂದುದರಿಂದ ಕೆಲವೇ ವರ್ಷಗಳಲ್ಲಿ ಅಲ್ಲಿ ಇದರ ಕೆಲಸ ನಿಂತಿತು. ಆ ಹೊತ್ತಿಗೆ ಅಣ್ಣನ ಸ್ಥಾನದಲ್ಲಿದ್ದ ರಷ್ಯವು ತಮ್ಮನಾದ ಚೀನಾಕ್ಕೆ ನಕ್ಷೆಯನ್ನೂ ಯಂತ್ರಗಳನ್ನೂ ಕೊಟ್ಟು, ಕಲಿಸಲು ತಜ್ಞರನ್ನೂ ಕಳಿಸಿತ್ತು. 1956ರಿಂದ ಚೀನಾದಲ್ಲಿ 'ಟೈಪ್ 56' ಎಂಬ ಹೆಸರಿನಲ್ಲಿ ಇವು ಲಕ್ಷಗಟ್ಟಲೆ ತಯಾರಾದವು. 1960ರಲ್ಲಿ ಅಣ್ಣತಮ್ಮಂದಿರಿಗೆ ಮನಸ್ತಾಪವಾಗಿ ರಷ್ಯದ ತಜ್ಞರು ಗಂಟುಮೂಟೆ ಕಟ್ಟಿದರು. ನಕ್ಷೆ ಮಾತ್ರ ತಮ್ಮನಲ್ಲಿಯೇ ಉಳಿಯಿತು.

ಮೊಮ್ಮಗ ಒಂದೊಂದಾಗಿ ವ್ಯತ್ಯಾಸಗಳನ್ನು ವಿವರಿಸಿದ. ರಷ್ಯದ ಕೋವಿಯ ಮರ ಬರ್ಚ್ ಜಾತಿಯದು, ಅರಗಿನ ಮೆರುಗು ಹೊಳೆಯುತ್ತಿತ್ತು. ಚೀನಾದ್ದು ಹಗುರವಾದ ಬೇರೊಂದು ಮರ. ಮೆರುಗಿನಲ್ಲಿ ಕಿತ್ತಳೆಯ ಛಾಯೆ. ರಷ್ಯದವರು ನಳಿಕೆಯನ್ನು ಮರೆಯಿಟ್ಟು ತಿರುಗಿಸಿ ಕೂರಿಸುತ್ತಿದ್ದರು. ಚೀನಾದವರೂ ಮೊದಮೊದಲು ಹಾಗೆಯೇ ಮಾಡಿ, ಅನಂತರ ಖರ್ಚು ಉಳಿಸಲು ಒತ್ತಿ ಕೂರಿಸಿ ಪಿನ್ನು ಹೊಡೆದರು. ಕೆತ್ತಿ ತೆಗೆಯುತ್ತಿದ್ದ ಕೆಲವು ಭಾಗಗಳನ್ನು ತಗಡಿನಲ್ಲಿ ಒತ್ತಿ ಮಾಡತೊಡಗಿದರು. ಈ ಕಾರಣದಿಂದ ಅಮೆರಿಕದ ಅಂಗಡಿಗಳಲ್ಲಿ ರಷ್ಯದ್ದಕ್ಕೆ ಬೆಲೆ ಹೆಚ್ಚು. ಚೀನಾದ ಕೋವಿಗಳ ಆಮದನ್ನು ಅಲ್ಲಿನ ಸರ್ಕಾರ 1994ರಲ್ಲಿ ನಿಷೇಧಿಸಿತು. ಅವನಲ್ಲಿದ್ದುದು ಅದಕ್ಕೆ ಮೊದಲೇ ಬಂದದ್ದು.

"ಕೊನೆಯದು ಇದು, ತಾತ" ಎಂದು ಅವನು ಚೀನಾದ ಕೋವಿಯ ಕೆಳಗೆ ಮಡಿಸಿದ್ದ ಬಯೊನೆಟ್ಟನ್ನು ಬಿಡಿಸಿದ. ಮೂರು ಏಣಿನ, ಉದ್ದವಾದ ಮುಳ್ಳಿನಂಥ ಕಬ್ಬಿಣ.

ಅಷ್ಟು ಹೊತ್ತು ಸುಮ್ಮನಿದ್ದ ಹಿರಿಯರು ತಲೆಯಾಡಿಸಿದರು. "ಇದಲ್ಲ ಮಗೂ. ನಾವು ಕಂಡದ್ದಕ್ಕೆ ಚಾಕುವಿನ ಹಾಗೆ ಚಪ್ಪಟೆ ಅಲಗಿತ್ತು."

ಅರವತ್ತು ವರ್ಷಗಳಿಗೆ ಮೀರಿದ ನೆನಪು, ಮಬ್ಬಾಗಿರಬಹುದೆಂದು ಮೊಮ್ಮಗ ಭಾವಿಸಿದ. ಆದರೆ ನೆನಪು ಸರಿಯಾಗಿಯೇ ಇತ್ತು. ಚೀನಾದವರು ಮುಳ್ಳಿನ ಬಯೊನೆಟ್ಟಿಗೆ ಬದಲಾಯಿಸಿದ್ದು 1960ರ ದಶಕದ ನಡುವಿನಲ್ಲಿ. ಅದಕ್ಕೆ ಮುಂಚಿನವುಗಳಿಗೆ ರಷ್ಯದ ಮಾದರಿಯ ಅಲಗೇ ಇತ್ತು. ಇದನ್ನು ನೆನೆದ ಮೊಮ್ಮಗ ಏನೂ ಹೇಳದೆ ರಷ್ಯದ ಕೋವಿಯನ್ನು ಎತ್ತಿ ಅದರ ಅಲಗನ್ನು ಬಿಡಿಸಿ ತೋರಿಸಿದ.

"ಇದೇ" ಎಂದರು ಹಿರಿಯರು. ಬಹಳ ಹೊತ್ತು ಮಾತು ಮುಂದುವರಿಯಲಿಲ್ಲ.

1962ರ ಅಕ್ಟೋಬರ್ 20ರಂದು ಚೀನಾದ ಸೈನ್ಯ ಗಡಿ ದಾಟಿದಾಗ ಅವರು ಇಪ್ಪತ್ತರ ಹುಡುಗ, ನೇಫಾದ ಬೆಟ್ಟಗಳಲ್ಲಿದ್ದರು. ಕೈಯಲ್ಲಿದ್ದುದು .303 ರೈಫಲು. ಅದು ಹಳೆಯದಾದರೂ ನಂಬಿಕಸ್ಥ ಆಯುಧ, ಗುರಿಗೆ ಎದುರಿಲ್ಲ. ಆದರೆ ಒಂದೊಂದು ಗುಂಡಿಗೂ ಬೋಲ್ಟನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಒತ್ತಬೇಕು. ಕೊರೆಯುವ ಚಳಿಯಲ್ಲಿ ಹತ್ತಿಯ ಬಟ್ಟೆ ತೊಟ್ಟು ಮರಗಟ್ಟಿದ ಬೆರಳುಗಳಿಂದ ಇದನ್ನು ಮಾಡಬೇಕಾಗಿತ್ತು. ಸೋಲಿಗೆ ರೈಫಲೊಂದೇ ಕಾರಣವಲ್ಲ. ರಸ್ತೆಯಿಲ್ಲದ ಬೆಟ್ಟ, ಸಾಲದ ಮದ್ದುಗುಂಡು, ಮೇಲಿನವರ ತಪ್ಪೆಣಿಕೆ, ಎಲ್ಲವೂ ಸೇರಿದ್ದವು. ಆದರೆ ಕಂದಕದಲ್ಲಿ ಕುಳಿತವನಿಗೆ ಕಾಣುವುದು ಎದುರಿನವನ ಕೈಯಲ್ಲಿರುವುದು ಮಾತ್ರ.

ಅವರ ಪಕ್ಕದಲ್ಲಿ ಮದ್ದೂರಿನ ಕಡೆಯ ಒಬ್ಬ ಹುಡುಗನಿದ್ದ. ಕನ್ನಡದಲ್ಲಿ ಮಾತಾಡಲು ಇಬ್ಬರಿಗೂ ಮತ್ತೊಬ್ಬರಿರಲಿಲ್ಲ. ಅವನ ವಿಷಯವನ್ನು ಹಿರಿಯರು ಮನೆಯಲ್ಲಿ ಎಂದೂ ಎತ್ತಿದವರಲ್ಲ. ಆ ದಿನ ಮಾತ್ರ, "ಅವನು ಬೋಲ್ಟು ಎಳೀತಾ ಇದ್ದ" ಎಂದರು. "ಮುಂದಕ್ಕೆ ತಳ್ಳಲಿಕ್ಕೆ ಆಗಲಿಲ್ಲ."

ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಮಗಳು ಸೆರಗಿನಿಂದ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು.

ಮುಂದೆ 1969ರ ಮಾರ್ಚಿನಲ್ಲಿ ಉಸ್ಸೂರಿ ನದಿಯ ಒಂದು ಸಣ್ಣ ದ್ವೀಪಕ್ಕಾಗಿ ಆ ಅಣ್ಣತಮ್ಮಂದಿರೇ ಬಡಿದಾಡಿದರು. ಎರಡು ಕಡೆಯ ಕೋವಿಗಳಿಗೂ ಒಂದೇ ಅಳತೆಯ ತೋಟಾ. ಬದುವಿನ ತುಂಡಿಗಾಗಿ ದಾಯಾದಿಗಳು ಒಂದೇ ಕುಲುಮೆಯಲ್ಲಿ ತಟ್ಟಿಸಿದ ಮಚ್ಚುಗಳನ್ನು ಎತ್ತುವುದನ್ನು ಕಂಡ ಮಂಡ್ಯದವರಿಗೆ ಇದು ಆಶ್ಚರ್ಯವೇನಲ್ಲ.

ಹಿರಿಯರು ಹುಟ್ಟಿದ ಮಳವಳ್ಳಿಗೂ ಈ ಕಥೆ ಹೊಸದಲ್ಲ. 1799ರ ಮಾರ್ಚ್ 27ರಂದು ಅಲ್ಲಿ ಜನರಲ್ ಹ್ಯಾರಿಸನ ಸೈನ್ಯವನ್ನು ಟೀಪೂ ಸುಲ್ತಾನ್ ಎದುರಿಸಿದಾಗ ಮೈಸೂರಿನವರ ಕೈಯಲ್ಲಿ ಫ್ರೆಂಚರ ಮಾದರಿಯನ್ನು ನೋಡಿ ನಮ್ಮ ಕಮ್ಮಾರರು ಮಾಡಿದ ಕೋವಿಗಳಿದ್ದವು. ಅದೇ ಯುದ್ಧಗಳಲ್ಲಿ ಸಿಕ್ಕ ಮೈಸೂರಿನ ಅಗ್ನಿಬಾಣಗಳನ್ನು ಇಂಗ್ಲಿಷರು ಹಡಗಿನಲ್ಲಿ ಒಯ್ದರು. ಅವನ್ನು ನೋಡಿ ಕಾಂಗ್ರೀವ್ ಮಾಡಿದ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು. ಅಚ್ಚು ಎಲ್ಲಿಯದಾದರೂ ಪಾಕ ಎಲ್ಲಿ ಬೇಕಾದರೂ ಇಳಿಯುತ್ತದೆ.

ಕೊನೆಗೆ ಮೊಮ್ಮಗನೇ ಮೆಲ್ಲನೆ ಕೇಳಿದ: "ತಾತ, ಇವನ್ನು ಮಾರಿಬಿಡಲೇ?"

"ಅದು ನಿನಗೆ ಬಿಟ್ಟದ್ದು. ಕೆಲಸ ರಷ್ಯದವರದೇ ಚೆನ್ನ, ಅದರಲ್ಲಿ ಸಂಶಯವಿಲ್ಲ" ಎಂದರು ಹಿರಿಯರು. "ಆದರೆ ಮುಂದೆ ನಿಂತಿದ್ದವನು ಅದನ್ನೆಲ್ಲ ನೋಡುವುದಿಲ್ಲ, ಮಗೂ. ಈಗ ಎರಡನ್ನೂ ಒಳಗಿಡು."

ಮೊಮ್ಮಗ ಕೋವಿಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬಂದ. ಮಗಳು ಬಿಸಿಬಿಸಿ ವಡೆಯ ತಟ್ಟೆಯನ್ನು ಮುಂದಿಟ್ಟರು. ಹಿರಿಯರು ಒಂದು ತುಂಡು ಮುರಿದರು, ಬಾಯಿಗಿಡಲಿಲ್ಲ.

"ಬೀಗ ಹಾಕಿದೆಯಾ?"

"ಹಾಕಿದೆ ತಾತ."

ಸ್ವಲ್ಪ ಹೊತ್ತಿನ ಮೇಲೆ ಅವರು ಮತ್ತೊಮ್ಮೆ ಅದನ್ನೇ ಕೇಳಿದರು. ಮೊಮ್ಮಗ ಎದ್ದು ಹೋಗಿ, ಬೀಗವನ್ನು ಎಳೆದು ನೋಡಿ ಬಂದು, "ಹಾಕಿದೆ" ಎಂದ.