ಬೆರಳಿನ ತಪ್ಪಲ್ಲ

ಅಪ್ಪ ಕ್ಯಾಮೆರಾ ಮುಟ್ಟುವುದನ್ನು ಬಿಟ್ಟದ್ದು ಮೊಮ್ಮಗಳ ಜಾವಳ ಆದಮೇಲೆ. ಧಾರವಾಡದ ಮನೆಯ ಪಡಸಾಲೆಯಲ್ಲಿ ಅಂದು ಮಗು ಅಳುತ್ತಿತ್ತು, ಬಂದವರೆಲ್ಲ ನಗುತ್ತಿದ್ದರು, ಅವರು ಮಾತ್ರ ಹಲ್ಲು ಕಚ್ಚಿ ಲೆನ್ಸಿನ ಉಂಗುರ ತಿರುಗಿಸುತ್ತಿದ್ದರು. ಅದು ತಿರುಗುವಷ್ಟರಲ್ಲಿ ಮಗು ಅತ್ತ ಹೊರಳಿರುತ್ತಿತ್ತು. ರೋಲ್ ತೊಳೆಸಿ ನೋಡಿದರೆ ಬಹುತೇಕ ಚಿತ್ರಗಳು ಮಸುಕು.

“ಕೈಯಾಗ ಕಸುವು ಉಳದಿಲ್ಲಪಾ. ಇನ್ನ ಸಾಕು,” ಎಂದರು.

“ಇರಲಿ ಬಿಡ್ರಿ ಅಪ್ಪಾ, ನಾ ಮೊಬೈಲ್‌ನ್ಯಾಗ ತಗದೀನಿ,” ಎಂದ ಮಗ. ಸಮಾಧಾನಕ್ಕೆಂದೇ ಹೇಳಿದ ಮಾತದು.

ಹನ್ನೆರಡು ವರ್ಷ ಕಳೆದವು. ಅಮ್ಮ ಹೋದ ಮೇಲೆ ಧಾರವಾಡದ ಮನೆಗೆ ಬೀಗ ಬಿತ್ತು. ಅಪ್ಪ ಪುಣೆಗೆ ಮಗನ ಮನೆಗೆ ಬಂದರು, ಜೊತೆಗೆ ಒಂದು ಟ್ರಂಕ್ ಬಂತು. ಅದರೊಳಗೆ, ಹಳೆಯ ಮಫ್ಲರಿನಲ್ಲಿ ಸುತ್ತಿಟ್ಟ ಝೆನಿಟ್-ಇ. ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್‌ನ ಕಾರ್ಖಾನೆಯ ಭಾರದ ಕ್ಯಾಮೆರಾ, ಮುಂದೆ 58 ಮಿಲಿಮೀಟರಿನ ಹೀಲಿಯೋಸ್ 44-2 ಲೆನ್ಸ್.

ಮಳೆಗಾಲದ ಒಂದು ಭಾನುವಾರ ಮಗ ಅದನ್ನು ಕೈಗೆತ್ತಿಕೊಂಡ. ಫೋಕಸ್ ಉಂಗುರ ಅಲುಗಲಿಲ್ಲ. ಜೋರು ಹಾಕಿದ. ಉಂಗುರ ತಿರುಗುವ ಬದಲು ಇಡೀ ಲೆನ್ಸೇ ಕ್ಯಾಮೆರಾದಿಂದ ಬಿಚ್ಚಿಕೊಳ್ಳತೊಡಗಿತು. ಈ ಲೆನ್ಸು ಕ್ಯಾಮೆರಾಗೆ ಕೂರುವುದೂ ಬಾಟಲಿಯ ಮುಚ್ಚಳದಂತೆ ತಿರುಗಿಸಿಯೇ. ಒಳಗಿನ ಥ್ರೆಡ್ ಅದಕ್ಕಿಂತ ಬಿಗಿಯಾಗಿತ್ತು. ನಲವತ್ತೈದರ ತನ್ನ ಬೆರಳಿಗೇ ಬಗ್ಗದ ಉಂಗುರವನ್ನು ಹಿಡಿದು ಅವನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತ. ಅಂದು ಜಾವಳದಲ್ಲಿ ಈ ಉಂಗುರವನ್ನು ಒಮ್ಮೆಯಾದರೂ ತಾನೇ ತಿರುಗಿಸಿ ನೋಡಿದ್ದರೆ?

ಫೋಕಸ್ ಲೆನ್ಸಿನ ಒಳಗೆ ಇರುವುದು ಒಂದರೊಳಗೊಂದು ಕೂತ ಲೋಹದ ಕೊಳವೆಗಳು. ಅವುಗಳ ಮೈಮೇಲೆ ಥ್ರೆಡ್, ಥ್ರೆಡ್ಡಿನ ನಡುವೆ ಗ್ರೀಸ್. ಗ್ರೀಸ್ ಎಂದರೆ ಸಾಬೂನಿನಂಥ ವಸ್ತು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಂಡ ಎಣ್ಣೆ. ದಶಕಗಳು ಕಳೆದಂತೆ ಎಣ್ಣೆ ಬೇರ್ಪಟ್ಟು ಹರಿದುಹೋಗುತ್ತದೆ, ಉಳಿದದ್ದು ಅಂಟಾಗಿ ಗಟ್ಟಿಯಾಗುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ ಬಿಟ್ಟರೆ ಸಡಿಲವಾದೀತು. ಆದರೆ ತೆಳ್ಳಗಿನ ಎಣ್ಣೆ ಅಲ್ಲೇ ನಿಲ್ಲುವುದಿಲ್ಲ. ಬೆಳಕಿನ ಕಿಂಡಿಯ ರೆಕ್ಕೆಗಳ ಮೇಲೆ, ಗಾಜಿನ ಮೇಲೆ ಹರಡುತ್ತದೆ. ಹಳೆಯದನ್ನು ಪೂರ್ತಿ ತೊಳೆದು ಹೊಸದನ್ನು ಸವರುವುದೇ ದಾರಿ.

ಮುಂದಿನ ಭಾನುವಾರ ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿದ. ಉಂಗುರದ ಸುತ್ತಲಿನ ಸಣ್ಣ ಸ್ಕ್ರೂಗಳನ್ನು ಬಿಚ್ಚಿ ಬಟ್ಟಲಿಗೆ ಹಾಕಿದ. ಗಾಜುಗಳಿರುವ ಭಾಗವನ್ನು ಹೊರತೆಗೆದು ದೂರ ಇಟ್ಟ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ. ಆದರೆ ಕೊಳವೆಗಳು ಒಂದನ್ನೊಂದು ಬಿಟ್ಟುಕೊಡುವ ಕ್ಷಣದಲ್ಲಿ ಎರಡೂ ಕೈ ಕೆಲಸದಲ್ಲಿದ್ದವು. ಬೇರ್ಪಟ್ಟ ಜಾಗಕ್ಕೆ ಗುರುತು ಹಾಕುವುದು ಮರೆತುಹೋಯಿತು.

ಆ ಹೊತ್ತಿಗೆ ಅದು ತಪ್ಪೆಂದು ಗೊತ್ತಾಗಲಿಲ್ಲ. ಕಿಟಕಿ ತೆರೆದಿಟ್ಟು, ಸಿಗರೇಟ್ ಲೈಟರಿಗೆ ಹಾಕುವ ದ್ರವದಲ್ಲಿ ಹಲ್ಲುಜ್ಜುವ ಬ್ರಷ್ ಅದ್ದಿ ಥ್ರೆಡ್ ಉಜ್ಜಿದ. ಕಂದು ಬಣ್ಣದ ಮೇಣದಂಥದ್ದು ಎದ್ದು ಬಂತು. ಲೋಹ ಹೊಳೆಯಿತು. ಲೆನ್ಸಿಗೆಂದೇ ಸಿಗುವ ಗ್ರೀಸನ್ನು ಅಕ್ಕಿಕಾಳಿನಷ್ಟು ತೆಗೆದು ತೆಳ್ಳಗೆ ಸವರಿದ. ಜೋಡಿಸಿದರೆ ಉಂಗುರ ನಯವಾಗಿ ತಿರುಗಿತು. ಗೆದ್ದೆ ಎಂದುಕೊಂಡು ತಾರಸಿಗೆ ಹೋಗಿ ಸಿಂಹಗಡದ ಮೇಲಿನ ಟಿವಿ ಗೋಪುರದತ್ತ ಹಿಡಿದ. ಉಂಗುರ ಕೊನೆ ಮುಟ್ಟಿದರೂ ಗೋಪುರ ಮಸುಕಾಗಿಯೇ ಇತ್ತು.

ಈ ಥ್ರೆಡ್ ಒಂದೇ ಎಳೆಯದಲ್ಲ. ಹಲವು ಎಳೆಗಳು ಒತ್ತೊತ್ತಾಗಿ ಬೇರೆ ಬೇರೆ ಜಾಗದಿಂದ ಶುರುವಾಗುತ್ತವೆ. ಯಾವ ಬಾಯಿಯಿಂದ ಹೊಕ್ಕರೂ ಕೊಳವೆ ಒಳಗೆ ಹೋಗುತ್ತದೆ, ಚೆನ್ನಾಗಿಯೇ ತಿರುಗುತ್ತದೆ. ಆದರೆ ಅಡ್ಡ ಮಲಗಿಸಿದ 8ರಂತಿರುವ ಅನಂತದ ಗುರುತಿಗೆ ಬಂದಾಗ ದೂರದ್ದು ಸ್ಪಷ್ಟವಾಗುವುದು ಸರಿಯಾದ ಬಾಯಿ ಸಿಕ್ಕರೆ ಮಾತ್ರ. ಮತ್ತೆ ಬಿಚ್ಚಿದ, ಈ ಸಲ ಪೆನ್ನಿನಿಂದ ಗೆರೆ ಎಳೆದ. ಒಂದೊಂದೇ ಬಾಯಿ ಪರೀಕ್ಷಿಸುತ್ತ, ಮೇಜಿನಿಂದ ತಾರಸಿಗೆ, ತಾರಸಿಯಿಂದ ಮೇಜಿಗೆ ಓಡಾಡಿದ. ನಾಲ್ಕನೆಯ ಸಲ ಗೋಪುರ ಸೂಜಿಯ ಹಾಗೆ ನಿಂತಿತು.

ಸಂಜೆ ಚಹಾದ ಹೊತ್ತಿಗೆ ಕ್ಯಾಮೆರಾವನ್ನು ಅಪ್ಪನ ಕೈಗಿತ್ತ. ಅವರು ಅಭ್ಯಾಸದಂತೆ ಹಲ್ಲು ಕಚ್ಚಿ ಉಂಗುರ ಹಿಡಿದರು. ಅದು ಸಲೀಸಾಗಿ ಸರಿಯಿತು. ತೀರಾ ಸಡಿಲವಲ್ಲ, ಬೆರಳು ನಿಂತಲ್ಲಿ ಅದೂ ನಿಲ್ಲುವಷ್ಟು ತಡೆ. ಎರಡು ಸಲ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದರು.

“ಒಳಗ ಗ್ರೀಸ್ ಒಣಗಿತ್ರಿ ಅಪ್ಪಾ. ನಿಮ್ಮ ಬೆರಳಿಂದೇನೂ ತಪ್ಪಿರಲಿಲ್ಲ.”

“ಹಂಗಂದ್ರ, ಇಷ್ಟು ವರ್ಷ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಮಗನ ಬಳಿ ಉತ್ತರವಿರಲಿಲ್ಲ. ಚಹಾದ ಲೋಟ ಅವರ ಮೊಣಕೈಗೆ ತಾಗದಂತೆ ಪಕ್ಕಕ್ಕೆ ಸರಿಸಿದ.

ಸೋಫಾದಲ್ಲಿ ಮೊಮ್ಮಗಳು ಮೊಬೈಲ್ ನೋಡುತ್ತ ಕೂತಿದ್ದಳು. ಅವರು ಕ್ಯಾಮೆರಾ ಕಣ್ಣಿಗೇರಿಸಿದರು. “ಸ್ವಲ್ಪ ಈ ಕಡೆ ನೋಡವಾ.” ಅವಳು ತಲೆಯೆತ್ತಿದಳು. ಉಂಗುರ ಸರಿದು ನಿಂತಿತು, ಶಟರ್ ಟಕ್ಕೆಂದಿತು. ಒಳಗೆ ಫಿಲ್ಮ್ ಇಲ್ಲವೆಂಬುದು ಮೂವರಿಗೂ ಗೊತ್ತಿತ್ತು.

ಕ್ಯಾಮೆರಾ ಇಳಿಸಿ ಅವರು ಕೇಳಿದರು: “ಈಗ ರೋಲ್ ಎಲ್ಲಿ ಸಿಗತಾವು?”